ಹಡಗಿನೊಳಗೆ ಯಾರಿದ್ದರು?

ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಬಂದರಿನಲ್ಲಿ 1927ರಲ್ಲಿ ಒಂದು ವಿಚಿತ್ರ ರೈಲ್ವೆ ಸೇತುವೆ ಶುರುವಾಯ್ತು. ಹಡಗು ಬಂದರೆ ಅದರ ನಡುಭಾಗ ನೇರವಾಗಿ ಮೇಲಕ್ಕೆ ಹೋಗುತ್ತಿತ್ತು, ಎರಡು ಕಡೆಯ ಗೋಪುರಗಳಲ್ಲಿ ನೇತಾಡುವ ಭಾರಗಳು ಕೆಳಗಿಳಿಯುತ್ತಿದ್ದವು. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನದೂ ಇದೇ ಲೆಕ್ಕ.

ಮರುವರ್ಷವೇ ಯೋರಿಸ್ ಈವೆನ್ಸ್ ಅನ್ನೋ ಯುವಕ ಕೈಯಲ್ಲಿ ಹಿಡಿಯುವ ಪುಟ್ಟ ಕ್ಯಾಮೆರಾ ತಗೊಂಡು ಆ ಗೋಪುರ ಹತ್ತಿದ. ಅಪ್ಪನದು ಕ್ಯಾಮೆರಾ ವ್ಯಾಪಾರ, ಹಾಗಾಗಿ ಸಲಕರಣೆಗೆ ಕೊರತೆ ಇರಲಿಲ್ಲ. 'ದ ಬ್ರುಗ್' (ಅಂದರೆ ಸೇತುವೆ) ಅನ್ನೋ ಆ ಮೂಕಿಚಿತ್ರದ ಕತೆ ಇಷ್ಟೇ: ರೈಲು ಬಂದು ನಿಲ್ಲುತ್ತೆ, ಸೇತುವೆ ಏರುತ್ತೆ, ಹಡಗು ದಾಟುತ್ತೆ, ಸೇತುವೆ ಇಳಿಯುತ್ತೆ, ರೈಲು ಹೋಗುತ್ತೆ. ಕಣ್ಣು ಕೀಳೋಕಾಗಲ್ಲ. ಚಕ್ರ, ತಂತಿಹಗ್ಗ, ಹೊಗೆ, ಕಬ್ಬಿಣದ ಜಾಲರಿ, ಎಲ್ಲಕ್ಕೂ ಒಂದು ಲಯ. ಮನುಷ್ಯರು ಮಾತ್ರ ಅಲ್ಲೊಬ್ಬ ಇಲ್ಲೊಬ್ಬ. ದಾಟಿಹೋದ ಹಡಗಿನೊಳಗೆ ಯಾರಿದ್ದರು ಅನ್ನೋದು ಚಿತ್ರಕ್ಕೆ ಬೇಕಿರಲಿಲ್ಲ. ನನಗೆ ಅದು ಸುಂದರ ಚಿತ್ರ, ಆದರೆ ಬೆವರೇ ಇಲ್ಲದ ಬಂದರು.

ಹದಿನೆಂಟು ವರ್ಷ ಕಳೆದ ಮೇಲೆ ಅದೇ ಈವೆನ್ಸ್ ಇನ್ನೊಂದು ಬಂದರಿನ ಚಿತ್ರ ಮಾಡಿದ. ಈ ಸಲ ಸಿಡ್ನಿ. ಅಷ್ಟರಲ್ಲಿ ಬೆಲ್ಜಿಯಂ ಗಣಿಕಾರ್ಮಿಕರ ಮನೆ, ಸ್ಪೇನಿನ ಯುದ್ಧ ಎಲ್ಲ ನೋಡಿ ಬಂದಿದ್ದ. ತಮಾಷೆ ಅಂದರೆ, 1944ರಲ್ಲಿ ಡಚ್ ಸರ್ಕಾರವೇ ಅವನನ್ನ ತನ್ನ ಈಸ್ಟ್ ಇಂಡೀಸ್ ವಸಾಹತಿನ ಫಿಲಂ ಕಮಿಷನರ್ ಮಾಡಿತ್ತು. 1945ರ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿತು. ಡಚ್ಚರು ವಾಪಸ್ ಹಿಡಿಯೋಕೆ ಹೊರಟರು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಹಡಗುಗಳನ್ನ ಮುಟ್ಟಲ್ಲ ಅಂದರು. ನವೆಂಬರಿನಲ್ಲಿ ಈವೆನ್ಸ್ ರಾಜೀನಾಮೆ ಕೊಟ್ಟು, 1946ರ ಹೊತ್ತಿಗೆ 'ಇಂಡೋನೇಷ್ಯಾ ಕಾಲಿಂಗ್' ಮುಗಿಸಿದ. ಕ್ಯಾಮೆರಾ ಹಿಡಿದವಳು ಮೇರಿಯನ್ ಮಿಶೆಲ್.

ಇಲ್ಲಿ ಯಂತ್ರಗಳು ಸುಮ್ಮನೆ ನಿಂತಿವೆ, ಜನ ಓಡಾಡ್ತಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಭಾರತೀಯ ನಾವಿಕರಿದ್ದ ಒಂದು ಹಡಗು ಹೊರಟಾಗ, ಸಣ್ಣ ದೋಣಿಯಲ್ಲಿ ಬೆನ್ನಟ್ಟಿ, ಮೆಗಾಫೋನಿನಲ್ಲಿ ಕೂಗಿ, ಕೆಲಸ ನಿಲ್ಲಿಸಿ ಅಂತ ಕೇಳಿಕೊಳ್ಳುವ ದೃಶ್ಯವಿದೆ. ಆಗ ನಾವೇ ಇನ್ನೂ ಬ್ರಿಟಿಷರ ಕೆಳಗಿದ್ದೆವು ಅನ್ನೋದು ನೆನಪಿರಲಿ. ಸಂಬಳ ಬಿಟ್ಟು ಪರದೇಶದ ಬಂದರಿನಲ್ಲಿ ನಿಲ್ಲೋದು ಅವರಿಗೆ ಸಣ್ಣ ಮಾತಾಗಿರಲಿಲ್ಲ.

ಆ ಬೆನ್ನಟ್ಟುವಿಕೆ ಆಮೇಲೆ ಮತ್ತೆ ಮಾಡಿಸಿ ಚಿತ್ರೀಕರಿಸಿದ್ದು. ಡಾಕ್ಯುಮೆಂಟರಿ ಅಂತ ಕರೆದು ಹೀಗೆ ಮಾಡಬಹುದಾ? ನನ್ನ ಪ್ರಕಾರ ಮಾಡಬಹುದು. ಇಲ್ಲದಿದ್ದರೆ ಆ ನಾವಿಕರು ಹಳೇ ಫೈಲುಗಳಲ್ಲಿ ಒಂದು ಸಾಲಾಗಿ ಉಳಿದುಬಿಡ್ತಿದ್ದರು.

ಡಚ್ ಸರ್ಕಾರಕ್ಕೆ ಮಾತ್ರ ಸಿಟ್ಟು ಇಳಿಯಲಿಲ್ಲ. ಪಾಸ್‌ಪೋರ್ಟಿನ ವಿಷಯದಲ್ಲಿ ಈವೆನ್ಸ್‌ನನ್ನ ವರ್ಷಗಟ್ಟಲೆ ಸತಾಯಿಸಿತು.