ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಭದ್ರತಾ ಲೋಪಗಳು

ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬ್ರೌಸರ್ 2001ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ವಿಂಡೋಸ್ ಎಕ್ಸ್‌ಪಿ ಕೊಂಡವರಿಗೆ ಅದು ಜೊತೆಗೇ ಸಿಗುತ್ತಿತ್ತು. ಪ್ರತಿಸ್ಪರ್ಧಿ ನೆಟ್‌ಸ್ಕೇಪ್ ಆ ವೇಳೆಗೆ ಮೂಲೆಗುಂಪಾಗಿದ್ದರಿಂದ ಹೊಸ ಆವೃತ್ತಿ ತರುವ ಅವಸರ ಕಂಪನಿಗೆ ಇರಲಿಲ್ಲ. ಏಳನೆಯ ಆವೃತ್ತಿ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಬ್ರೌಸರಿನ ಕೆಟ್ಟ ಹೆಸರಿಗೆ ಈ ಐದು ವರ್ಷಗಳ ಉದಾಸೀನವೇ ಮುಖ್ಯ ಕಾರಣ.

ಅಪಾಯದ ಬೇರು ಮಾತ್ರ ಇನ್ನೂ ಹಳೆಯದು. 1996ರಲ್ಲಿ ಮೂರನೆಯ ಆವೃತ್ತಿಯೊಂದಿಗೆ ಬಂದ ಆಕ್ಟಿವ್‌ಎಕ್ಸ್ ತಂತ್ರಜ್ಞಾನದಿಂದ ವೆಬ್ ಪುಟವೊಂದು ಪುಟ್ಟ ಪ್ರೋಗ್ರಾಮನ್ನು ಓದುಗನ ಕಂಪ್ಯೂಟರಿಗೆ ಇಳಿಸಿ ನಡೆಸಬಹುದಿತ್ತು. ಓದುಗನಿಗೆ ಯಂತ್ರದ ಮೇಲೆ ಎಷ್ಟು ಅಧಿಕಾರವೋ ಅದಕ್ಕೂ ಅಷ್ಟೇ ಅಧಿಕಾರ. ಎಕ್ಸ್‌ಪಿಯಲ್ಲಿ ಹೆಚ್ಚಿನವರು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಕೆಲಸ ಮಾಡುತ್ತಿದ್ದುದರಿಂದ ಒಂದು ತಪ್ಪು ಕ್ಲಿಕ್ಕಿಗೆ ಇಡೀ ಯಂತ್ರ ಕೈತಪ್ಪುತ್ತಿತ್ತು.

ಕ್ಲಿಕ್ಕೂ ಬೇಡವೆಂಬುದು 2004ರ ಜೂನ್‌ನಲ್ಲಿ ಗೊತ್ತಾಯಿತು. ದಾಳಿಕೋರರು ಅಧಿಕೃತ ಜಾಲತಾಣಗಳ ಸರ್ವರುಗಳಿಗೇ ನುಗ್ಗಿ ಪುಟಗಳ ಕೊನೆಗೆ ಜಾವಾಸ್ಕ್ರಿಪ್ಟ್ ಅಂಟಿಸಿದರು. ಪುಟ ತೆರೆದ ಮಾತ್ರಕ್ಕೆ, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಕದಿಯುವ ತಂತ್ರಾಂಶ ಒಳಸೇರುತ್ತಿತ್ತು. ಬೇರೆ ಬ್ರೌಸರ್ ಬಳಸುವುದೂ ಒಂದು ಪರಿಹಾರವೆಂದು ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಯುಎಸ್-ಸರ್ಟ್ ಸೂಚಿಸಿತು. ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಆಕ್ಟಿವ್‌ಎಕ್ಸ್‌ಗೆ ಕಡಿವಾಣ ಹಾಕಿತು. ನವೆಂಬರ್‌ನಲ್ಲಿ ಪರ್ಯಾಯ ಬ್ರೌಸರಾಗಿ ಫೈರ್‌ಫಾಕ್ಸ್ 1.0 ಬಂತು.

2010ರ ಜನವರಿ 12ರಂದು ಗೂಗಲ್ ಬಹಿರಂಗಪಡಿಸಿದ ‘ಆಪರೇಷನ್ ಅರೋರಾ’ ದಾಳಿಯ ಬಗೆ ಬೇರೆ. ಪುಟದ ಒಂದು ಅಂಶವನ್ನು ಅಳಿಸಿದ ಮೇಲೂ ಬ್ರೌಸರ್ ಅದರ ಮೆಮೊರಿ ವಿಳಾಸವನ್ನು ಮರೆಯುತ್ತಿರಲಿಲ್ಲ. ತೆರವಾದ ಆ ಜಾಗಕ್ಕೆ ದಾಳಿಕೋರ ತನ್ನ ಕೋಡ್ ತುಂಬಿದರೆ, ಬ್ರೌಸರ್ ಹಳೆಯ ವಿಳಾಸ ನಂಬಿ ಅಲ್ಲಿಗೆ ಹೋಗಿ ಅದನ್ನೇ ಚಲಾಯಿಸುತ್ತಿತ್ತು. ಜರ್ಮನಿ, ಫ್ರಾನ್ಸ್‌ಗಳ ಸರ್ಕಾರಿ ಭದ್ರತಾ ಸಂಸ್ಥೆಗಳು ಸದ್ಯಕ್ಕೆ ಬೇರೆ ಬ್ರೌಸರ್ ಬಳಸಿ ಎಂದವು. ಜನವರಿ 21ರಂದು ತುರ್ತು ಪ್ಯಾಚ್ ಬಂತು.

ಇಷ್ಟಾದರೂ ಹಳೆಯ ಆವೃತ್ತಿ ಹೋಗಲಿಲ್ಲ. ಸಂಸ್ಥೆಗಳ ಒಳಬಳಕೆಯ ಎಷ್ಟೋ ತಂತ್ರಾಂಶಗಳು ಅದರಲ್ಲಷ್ಟೇ ನಡೆಯುತ್ತಿದ್ದವು. ದಕ್ಷಿಣ ಕೊರಿಯಾದಲ್ಲಿ ಆನ್‌ಲೈನ್ ಬ್ಯಾಂಕಿಂಗ್ ‘ಸೀಡ್’ ಎಂಬ ದೇಶೀಯ ಗೂಢಲಿಪಿಯನ್ನು ಆಕ್ಟಿವ್‌ಎಕ್ಸ್ ಮೂಲಕವೇ ಬಳಸುತ್ತಿದ್ದುದರಿಂದ ಇಡೀ ದೇಶವೇ ಎಕ್ಸ್‌ಪ್ಲೋರರ್‌ಗೆ ಕಟ್ಟುಬಿದ್ದಿತ್ತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿಯಿತು. ಅದೇ ತಿಂಗಳು ಆರರಿಂದ ಹನ್ನೊಂದರವರೆಗಿನ ಆವೃತ್ತಿಗಳನ್ನೆಲ್ಲ ಬಾಧಿಸುವ ಲೋಪ ಸಿಕ್ಕಿದ್ದರಿಂದ ಮೇ 1ರಂದು ಎಕ್ಸ್‌ಪಿಗೂ ಮತ್ತೊಂದು ಪ್ಯಾಚ್ ಕೊಡಬೇಕಾಯಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ಅಧಿಕೃತವಾಗಿ ನಿವೃತ್ತವಾಯಿತು. ಹಳೆಯ ಜಾಲತಾಣಗಳಿಗಾಗಿ ಎಡ್ಜ್ ಬ್ರೌಸರಿನ ‘ಐಇ ಮೋಡ್’ ಅದರ ಎಂಜಿನ್ನನ್ನು ಉಳಿಸಿಕೊಂಡಿದೆ. ಕನಿಷ್ಠ 2029ರವರೆಗೆ ಆ ಸೌಲಭ್ಯ ಇರುತ್ತದೆಂದು ಮೈಕ್ರೋಸಾಫ್ಟ್ ಘೋಷಿಸಿದೆ.