ಮಾಯಾ ಜನ ಎಲ್ಲಿಗೂ ಹೋಗಿಲ್ಲ: ಇಶಿಮ್ಚೆ ಅವಶೇಷಗಳು ಯಾರವು?

‘ನಿಗೂಢವಾಗಿ ಕಣ್ಮರೆಯಾದ ಮಾಯಾ ನಾಗರಿಕತೆ’ ಅನ್ನೋ ಮಾತು ಯೂಟ್ಯೂಬ್ ವಿಡಿಯೊಗಳಲ್ಲಿ ಇವತ್ತಿಗೂ ಓಡ್ತಾ ಇದೆ. 2012ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ಟಿವಿಗಳು ಹುಯಿಲೆಬ್ಬಿಸಿದ್ದೂ ಇವರ ಹೆಸರಲ್ಲೇ. ಆದರೆ ಗ್ವಾಟೆಮಾಲಾದ 2018ರ ಜನಗಣತಿಯಲ್ಲಿ ಶೇ. 41ಕ್ಕೂ ಹೆಚ್ಚು ಮಂದಿ ತಾವು ಮಾಯಾ ಎಂದು ಬರೆಸಿದ್ದಾರೆ. ಅದೊಂದೇ ದೇಶದಲ್ಲಿ 22 ಮಾಯಾ ಭಾಷೆಗಳಿವೆ. ಹಾಗಾದರೆ ಈ ‘ಕಣ್ಮರೆ’ ಕಥೆ ಯಾರಿಗೆ ಬೇಕು? ಆ ದೇಶದ ಇಶಿಮ್ಚೆ ಎಂಬ ಊರಿನ ಅವಶೇಷಗಳನ್ನು ನೋಡಿದ ಮೇಲೆ ನನಗೆ ಇದು ಇತಿಹಾಸಕ್ಕಿಂತ ರಾಜಕೀಯದ ಪ್ರಶ್ನೆ ಅನ್ನಿಸಿತು.

ಏನಿದು ಇಶಿಮ್ಚೆ?

9ನೇ ಶತಮಾನದ ಸುಮಾರಿಗೆ ಟಿಕಾಲ್‌ನಂಥ ತಗ್ಗುನಾಡಿನ ನಗರಗಳು ಕುಸಿದವು, ನಿಜ. ಆದರೆ ಮಾಯಾ ಜನ ಅಳಿಯಲಿಲ್ಲ. ಎತ್ತರದ ಗುಡ್ಡನಾಡಿನಲ್ಲಿ ಕಾಕ್ಚಿಕೆಲ್ ಮಾಯಾ ಜನ ಸುಮಾರು 1470ರಲ್ಲಿ ಇಶಿಮ್ಚೆಯನ್ನು ರಾಜಧಾನಿ ಮಾಡಿಕೊಂಡರು. 1524ರಲ್ಲಿ ಪೆದ್ರೊ ದೆ ಅಲ್ವಾರಾದೊನ ಸ್ಪ್ಯಾನಿಷ್ ಪಡೆ ಬಂದಾಗ ಅದು ಜನ ತುಂಬಿದ ಊರು. ಮೊದಲು ಮೈತ್ರಿ, ಆಮೇಲೆ ಚಿನ್ನಕ್ಕಾಗಿ ಕಿರುಕುಳ. ಜನ ಊರು ಬಿಟ್ಟು ಕಾಡು ಸೇರಿ ಹೋರಾಟಕ್ಕಿಳಿದರು. 1526ರಲ್ಲಿ ಸ್ಪ್ಯಾನಿಷ್ ಸೈನಿಕರು ಊರಿಗೆ ಬೆಂಕಿ ಇಟ್ಟರು. ಅಂದರೆ ಇಲ್ಲಿ ಯಾವ ನಿಗೂಢವೂ ಇಲ್ಲ. ಯಾರು, ಯಾವಾಗ, ಯಾಕೆ ಎಲ್ಲವೂ ಗೊತ್ತು.

ಅವಶೇಷದ ಹಿಂದಿನ ಬೆಂಕಿ

ಪ್ರವಾಸಿಗರು ಮುಂದಿನ ಚೌಕಗಳಲ್ಲಿ ಫೋಟೊ ತೆಗೆದುಕೊಂಡು ವಾಪಸ್ ಹೊರಡುತ್ತಾರೆ. ಹಿಂದೆ, ಪೈನ್ ಮರಗಳ ಕೆಳಗೆ, ಮಸಿ ಹಿಡಿದ ಪೂಜಾಸ್ಥಳ ಇದೆ. ನಾನು ಹೋದಾಗ ಒಂದು ಕುಟುಂಬ ನೆಲದ ಮೇಲೆ ಸಕ್ಕರೆಯಿಂದ ವೃತ್ತ ಬರೆದು, ಕೋಪಾಲ್ ಧೂಪ, ಬಣ್ಣದ ಮೇಣದಬತ್ತಿ ಜೋಡಿಸುತ್ತಿತ್ತು. ಪೂರ್ವಕ್ಕೆ ಕೆಂಪು, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳಿ, ದಕ್ಷಿಣಕ್ಕೆ ಹಳದಿ. ನಡೆಸುತ್ತಿದ್ದವರು ‘ಅಹ್‌ಕಿಹ್’, ಅಂದರೆ ದಿನಗಳ ಲೆಕ್ಕ ಇಡುವವರು.

ಆ ಲೆಕ್ಕ 260 ದಿನಗಳದು: 20 ದಿನನಾಮ, 13 ಸಂಖ್ಯೆ. ಮಗು ಹುಟ್ಟಿದ ದಿನ, ಬಿತ್ತನೆಯ ದಿನ, ಹರಕೆಯ ದಿನ ಎಲ್ಲವನ್ನೂ ಇದರಲ್ಲೇ ನೋಡುತ್ತಾರೆ. ಸ್ಪ್ಯಾನಿಷ್ ಪಾದ್ರಿಗಳು ಪುಸ್ತಕಗಳನ್ನು ಸುಟ್ಟರೂ ಗುಡ್ಡನಾಡಿನ ಹಳ್ಳಿಗಳಲ್ಲಿ ಈ ಎಣಿಕೆ ಉಳಿಯಿತು.

ಸಂಸ್ಕೃತಿ ಮಾತ್ರ ಅಲ್ಲ

1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು ವಿಶ್ವಸಂಸ್ಥೆ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕವರಲ್ಲಿ ಶೇ. 83 ಮಂದಿ ಮಾಯಾ ಜನ. 1980ರ ಜನವರಿಯಲ್ಲಿ ರಾಜಧಾನಿಯ ಸ್ಪೇನ್ ರಾಯಭಾರ ಕಚೇರಿಯೊಳಗೆ ಪ್ರತಿಭಟಿಸುತ್ತಿದ್ದ ರೈತರು ಸುಟ್ಟುಹೋದರು. ಮುಂದೆ 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಅವರ ತಂದೆಯೂ ಅವರಲ್ಲಿದ್ದರು. ಅದರ ವಿರುದ್ಧ ಮಾಯಾ ಸಂಘಟನೆಗಳು ಘೋಷಣೆ ಹೊರಡಿಸಲು ಸೇರಿದ್ದು ಇದೇ ಇಶಿಮ್ಚೆಯಲ್ಲಿ. 2007ರಲ್ಲಿ ಅಮೆರಿಕ ಅಧ್ಯಕ್ಷ ಬುಷ್ ಇಲ್ಲಿಗೆ ಬಂದು ಹೋದ ಮೇಲೆ ಮಾಯಾ ಪುರೋಹಿತರು ಸ್ಥಳವನ್ನು ಶುದ್ಧಿ ಮಾಡಿದರು. ಅದೇ ತಿಂಗಳು ಅಮೆರಿಕ ಖಂಡಗಳ ಮೂಲನಿವಾಸಿಗಳ ಶೃಂಗಸಭೆಯೂ ಇಲ್ಲೇ ನಡೆಯಿತು.

ಹಕ್ಕು ಎಲ್ಲಿಗೆ ಬಂತು?

1995ರ ಒಪ್ಪಂದ ಮಾಯಾ ಜನರ ಪವಿತ್ರ ಸ್ಥಳಗಳ ಹಕ್ಕನ್ನು ಒಪ್ಪಿತು. ಮೂಲನಿವಾಸಿ ಹಕ್ಕುಗಳನ್ನು ಸಂವಿಧಾನಕ್ಕೆ ಸೇರಿಸುವ ಪ್ರಸ್ತಾಪ 1999ರ ಜನಮತಗಣನೆಯಲ್ಲಿ ಬಿದ್ದುಹೋಯಿತು. ಹೀಗಾಗಿ ಪೂಜೆಗೆ ಜಾಗ ಸಿಕ್ಕಿದೆ, ಆಡಳಿತ ಮಾತ್ರ ಸಂಸ್ಕೃತಿ ಸಚಿವಾಲಯದ್ದೇ.

ಸತ್ತುಹೋದ ಜನರ ಆಸ್ತಿಗೆ ವಾರಸುದಾರರು ಬರಲ್ಲ. ‘ಕಣ್ಮರೆ’ ಕಥೆಯ ಲಾಭ ಇದೇ. ಆದರೆ 2023ರ ಚುನಾವಣಾ ತೀರ್ಪನ್ನು ಉರುಳಿಸುವ ಯತ್ನ ನಡೆದಾಗ ತೊತೊನಿಕಪಾನ್‌ನ ‘48 ಕಾಂತೋನೆಸ್’ ಸೇರಿದಂತೆ ಮೂಲನಿವಾಸಿ ಆಡಳಿತಗಳ ಕರೆಗೆ ಜನ ರಸ್ತೆಗಿಳಿದು, ನೂರಕ್ಕೂ ಹೆಚ್ಚು ದಿನ ಪ್ರತಿಭಟಿಸಿದರು. 2024ರ ಜನವರಿಯಲ್ಲಿ ಚುನಾಯಿತ ಅಧ್ಯಕ್ಷ ಬೆರ್ನಾರ್ದೊ ಅರೆವಾಲೊ ಅಧಿಕಾರ ವಹಿಸಿಕೊಂಡರು.

ನೀವು ಅಲ್ಲಿಗೆ ಹೋದರೆ, ಪೂಜೆ ನಡೆಯುವಾಗ ಕೇಳದೆ ಕ್ಯಾಮೆರಾ ಎತ್ತಬೇಡಿ. ಸಾಧ್ಯವಾದರೆ ಕಾಕ್ಚಿಕೆಲ್ ಗೈಡ್‌ನನ್ನೇ ಹುಡುಕಿ. 1526ರ ಕಥೆ ಕೇಳಿದ ಮೇಲೆ 1980ರದ್ದನ್ನೂ ಕೇಳಿ.