ದೀಪ ಆರಿಸಿ, ನಾಟಕ ಕೇಳಿ

ಇಯರ್‌ಫೋನ್ ಹಾಕಿಕೊಂಡಿದ್ದೀರಲ್ವಾ? ಹಾಗಾದ್ರೆ ಕೋಣೆಯ ದೀಪ ಆರಿಸಿ. 1924ರ ಜನವರಿ 15ರಂದು ಬಿಬಿಸಿ ತನ್ನ ಕೇಳುಗರಿಗೆ ಇದನ್ನೇ ಹೇಳಿತ್ತು. ಅವತ್ತಿನ ನಾಟಕ ರಿಚರ್ಡ್ ಹ್ಯೂಸ್ ಬರೆದ ‘ಎ ಕಾಮಿಡಿ ಆಫ್ ಡೇಂಜರ್’. ರೇಡಿಯೊಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದು.

ಅಲ್ಲಿಯವರೆಗೆ ಹೆಚ್ಚಾಗಿ ರಂಗದ ನಾಟಕಗಳನ್ನೇ ಮೈಕಿನ ಮುಂದೆ ಆಡುತ್ತಿದ್ದರು. ಯಾರು ಬಂದರು, ಯಾರು ಹೋದರು ಅಂತ ಕೇಳುವವರಿಗೆ ಗೊತ್ತಾಗೋದು ಹೇಗೆ? ಹ್ಯೂಸ್ ತಮ್ಮ ಪಾತ್ರಗಳನ್ನು ವೇಲ್ಸ್‌ನ ಕಲ್ಲಿದ್ದಲು ಗಣಿಗೆ ಇಳಿಸಿ, ದೀಪ ಆರಿಸಿಬಿಟ್ಟರು. ಈಗ ಅವರಿಗೂ ಏನೂ ಕಾಣಲ್ಲ, ನಮಗೂ ಕಾಣಲ್ಲ!

ನಿರ್ದೇಶಕ ನೈಜೆಲ್ ಪ್ಲೇಫೇರ್ ಅವರ ಕಷ್ಟ ಬೇರೆ. ಸದ್ದು ಹೀರುವ ಪರದೆಗಳ ಸ್ಟುಡಿಯೊದಲ್ಲಿ ಗಣಿಯ ಪ್ರತಿಧ್ವನಿ ಎಲ್ಲಿಂದ ತರೋದು? ನಟರು ಬಕೆಟ್ಟಿನೊಳಗೆ ತಲೆ ಹಾಕಿ ಮಾತಾಡಿದರು. ಗಣಿ ಕಾರ್ಮಿಕರ ಮೇಳ ಹೊರಗಿನ ಕಾರಿಡಾರಿನಲ್ಲಿ ನಿಂತು ಹಾಡಿತು. ಬಾಗಿಲು ತೆರೆದರೆ ಹಾಡು, ಮುಚ್ಚಿದರೆ ಮೌನ.

ಕೊನೆಯಲ್ಲಿ ಮುದುಕ ಬ್ಯಾಕ್ಸ್, ಜೊತೆಗಿದ್ದ ಇಬ್ಬರನ್ನು ಮೊದಲು ಮೇಲೆ ಹತ್ತಿಸುತ್ತಾನೆ. ಆಮೇಲೆ ಅವನನ್ನು ಕರೆದರೆ ಉತ್ತರವಿಲ್ಲ. ರಂಗದ ಮೇಲೆ ಸಾವನ್ನು ತೋರಿಸಬಹುದು. ರೇಡಿಯೊದಲ್ಲಿ ಸಾವು ಅಂದ್ರೆ ಬಾರದ ಉತ್ತರ. ನನ್ನ ಪ್ರಕಾರ, ಸದ್ದು ಮಾಡಿಸೋದಕ್ಕಿಂತ ಎಲ್ಲಿ ನಿಲ್ಲಿಸಬೇಕು ಅನ್ನೋದೇ ರೇಡಿಯೊ ನಿರ್ದೇಶಕರಿಗೆ ಕಷ್ಟದ ಪಾಠ.